ರೂಢಿಯಂತೆ ಡಂಗುರ ಹೊಡೆಸಲಾಗಿದೆ

ಅಫಜಲಪುರ
ತಾ. 12-2-2026, ಗುರುವಾರ ಸಂಜೆ

ಪ್ರೀತಿಯ ಅಪ್ಪಾ,

ನಿಮ್ಮ ಭಾಗ್ಯಜ್ಯೋತಿಯ ಶರಣು. ಕಣ್ಣು ಹೇಗಿದೆ? ಆಪರೇಶನ್ ಆಗಿ ಇವತ್ತಿಗೆ ಐದು ದಿನ. ಪಟ್ಟಿ ಬಿಚ್ಚಿ ಕರಿ ಚಾಳೀಸು ಕೊಟ್ಟಿದ್ದಾರೆ, ಅದನ್ನು ನೀವು ಗಳಿಗೆಗೊಮ್ಮೆ ತೆಗೆದು ಗೋಡೆಯ ಮೇಲಿನ ಕ್ಯಾಲೆಂಡರ್ ಓದಲು ನೋಡುತ್ತೀರಿ ಎಂದು ಅವ್ವ ಫೋನಿನಲ್ಲಿ ಚಾಡಿ ಹೇಳಿದಳು. ಹಾಗೆ ಮಾಡಬೇಡಿ. ಪೂಜೆಗೆ ಕುಳಿತಾಗ ತಲೆ ಬಗ್ಗಿಸಬಾರದಂತೆ, ಸೀನು ಬಂದರೆ ಬಾಯಿ ತೆರೆದು ಸೀನಬೇಕಂತೆ, ಇದೆಲ್ಲ ನಿಮಗೆ ಗೊತ್ತಿದ್ದೂ ಮಾಡುವುದಿಲ್ಲ ಎಂಬುದು ನನಗೆ ಗೊತ್ತು. ಎರಡು ವಾರ ಓದುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದಾರಲ್ಲ, ಅದಕ್ಕೇ ಈ ಪತ್ರವನ್ನು ಹೀರಾಬಾಯಿ ಅತ್ತೆಯ ಮಗಳು ಜಯಮಾಲಾ ಓದಿ ಹೇಳಲಿ. ಸೊಲ್ಲಾಪುರದ ಮರಾಠಿ ಶಾಲೆಯಲ್ಲಿ ಕಲಿತವಳು, ಕನ್ನಡ ಕೂಡಿಸಿ ಕೂಡಿಸಿ ಓದುತ್ತಾಳೆ. ಹಾಗಾಗಿ ದುಂಡಗೆ, ದೊಡ್ಡದಾಗಿ ಬರೆಯುತ್ತಿದ್ದೇನೆ. ಜಯಮಾಲಾ, ನಡುವೆ ಮಾಮಾಗೆ ಸಿಟ್ಟು ಬಂದು ಸಾಕು ಎಂದರೂ ನೀನು ನಿಲ್ಲಿಸಬೇಡ, ತಾಯಿ. ಕೊನೆಯವರೆಗೆ ಓದು.

ಫೋನ್ ಇರುವಾಗ ಪತ್ರ ಯಾಕೆ ಎಂದು ಕೇಳುತ್ತೀರಿ. ಮಂಗಳವಾರ ಫೋನಿನಲ್ಲಿ ನಾನು ಮೂರು ಸಲ ಮಾತು ತೆಗೆದೆ. ಮೂರು ಸಲವೂ ನೀವು, "ವರ್ಗದ ಆರ್ಡರ್ ಬಂದದಲ್ಲವಾ, ಇನ್ನೇನ್ ಅದ? ಸಾಮಾನ ಕಟ್ಟು," ಎಂದು ಹೇಳಿ ಇಟ್ಟುಬಿಟ್ಟಿರಿ. ಪತ್ರವನ್ನು ನಡುವೆ ಇಟ್ಟುಬಿಡಲು ಬರುವುದಿಲ್ಲ. ಅಲ್ಲದೆ ಮೂವತ್ತು ವರ್ಷ ಪಂಚಾಯತಿ ಕಾರ್ಯದರ್ಶಿ ಆಗಿದ್ದವರು ನೀವು, ಬಾಯಿಮಾತಿಗಿಂತ ಕಾಗದದ ಮೇಲೆ ನಿಮಗೆ ಭರವಸೆ ಜಾಸ್ತಿ. ಬೇಕಾದರೆ ಆಫೀಸಿಗೆ ಬಂದ ಕಾಗದದ ಹಾಗೆ ಇದಕ್ಕೊಂದು ಆವಕ ನಂಬರು ಹಾಕಿಕೊಳ್ಳಿ.

ಹಿರೇನಾಳ ನಿಮಗೆ ಹೊಸ ಊರಲ್ಲ. ಇಪ್ಪತ್ತೈದು ವರ್ಷದ ಹಿಂದೆ ನೀವು ನಾಲ್ಕು ವರ್ಷ ಅಲ್ಲಿದ್ದಿರಿ, ಸೊನ್ನದ ಬ್ಯಾರೇಜಿನ ಕೆಳಗೆ ಹೊಳೆ ದಂಡೆಯ ಆ ಮನೆಯಲ್ಲಿ ನಾನು ಎರಡನೆಯ ಇಯತ್ತೆ ಮುಗಿಸಿದೆ. ಹೋದ ಜೂನ್‌ನಲ್ಲಿ ಅದೇ ಪಂಚಾಯತಿಗೆ ಪಿಡಿಒ ಆಗಿ ಕಾಲಿಟ್ಟ ದಿನವೇ ನೀರು ಬಿಡುವ ಪೀರಸಾಬ ನನ್ನ ಮುಖ ನೋಡಿ, ದೌಲತರಾಯ ಸಾಹೇಬರ ಮಗಳೇನ್ರಿ ಎಂದು ಕೇಳಿದ. ಹೆಮ್ಮೆ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ನೀವು ನೋಡಿದ ಊರು ಈಗ ಅಲ್ಲಿ ಇಲ್ಲ. ಪಡಿತರದ ಹೆಬ್ಬೆಟ್ಟಿನ ಮಷೀನು ಮುಂಜಾನೆ ಮೇಲಿನ ಓಣಿಯಲ್ಲಿ, ಮಧ್ಯಾಹ್ನ ಕೆಳಗಿನ ಓಣಿಯಲ್ಲಿ. ಅಂಗನವಾಡಿ ಒಂದೇ, ಮಕ್ಕಳು ಎರಡು ಪಾಳಿ. ಪೀರಸಾಬ ಎರಡೂ ಕಡೆ ಒಂದೇ ಹೊತ್ತಿಗೆ ನೀರು ಬಿಡಬೇಕು, ಐದು ನಿಮಿಷ ಹಿಂದುಮುಂದಾದರೆ ನನ್ನ ಟೇಬಲ್ಲಿಗೆ ಅರ್ಜಿ ಬರುತ್ತದೆ. ಎರಡು ವರ್ಷದಲ್ಲಿ ನಾನು ಐದನೆಯ ಪಿಡಿಒ. ಮೊದಲಿನ ನಾಲ್ವರಲ್ಲಿ ಇಬ್ಬರು ಕಾಯಿಲೆ ರಜೆ ಹಾಕಿದರು, ಇಬ್ಬರು ವರ್ಗ ಮಾಡಿಸಿಕೊಂಡರು. ತಾಲೂಕಿನ ಸಾಹೇಬರಂತೂ ಮೊದಲ ದಿನವೇ ನನಗೆ ಬುದ್ಧಿ ಹೇಳಿದರು, "ಆ ಊರಿನ ಫೈಲಿಗಿ ಕೈ ಹಚ್ಚಬ್ಯಾಡ್ರಿ ಮೇಡಂ, ಕೈ ಸುಡ್ತದ." ಹೀಗೆ ಯಾರೂ ಕೈ ಹಚ್ಚದೆ ಆ ಊರಿನ ಎಲ್ಲ ಕಾಗದ ಇದ್ದಲ್ಲೇ ಕುಳಿತಿದೆ.

ಇಷ್ಟಕ್ಕೆಲ್ಲ ಬುಡ ಡಂಗುರ. ಗ್ರಾಮಸಭೆ ಇದೆ ಎಂದು ಚರ್ಮದ ಹಲಗಿ ಬಡಿದು ಓಣಿ ಓಣಿಗೆ ಸಾರುವುದು. ಭೀಮಶಾ ನೆನಪಿದ್ದಾನಲ್ಲ, ಸಾವಿಗೆ, ಹಬ್ಬಕ್ಕೆ, ಜಾತ್ರೆಗೆ ಹಲಗಿ ಬಡಿಯುತ್ತಿದ್ದವನು. ಅವನು ತೀರಿಕೊಂಡು ಆರು ವರ್ಷವಾಯಿತು. ಎರಡು ವರ್ಷದ ಹಿಂದೆ ಆಗಿನ ಅಧ್ಯಕ್ಷ ಜಗದೇವ, ಭೀಮಶಾನ ಮಗ ದಶರಥನನ್ನು ಕರೆಸಿ, ಹಲಗಿ ತೆಗೆದುಕೊಂಡು ಹೊರಡು ಎಂದನಂತೆ. ದಶರಥ ಬಿ.ಎ. ಮುಗಿಸಿದವನು, ಮನೆಯವರೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದಾರೆ. ಒಲ್ಲೆ ಎಂದ. ಮರುದಿನದಿಂದ ಕೆಳಗಿನ ಓಣಿಯವರಿಗೆ ಹಿಟ್ಟಿನ ಗಿರಣಿ ಬಂದ್, ಚಹಾದಂಗಡಿ ಬಂದ್. ಅವರು ಕೇಸು ಹಾಕಿದರು. ಪೊಲೀಸ್ ವ್ಯಾನು ಬಂದು ಬಸ್ ಸ್ಟ್ಯಾಂಡಿನಲ್ಲಿ ಒಂದು ತಿಂಗಳು ನಿಂತು ಹೋಯಿತು. ಗಿರಣಿ ಏನೋ ಮತ್ತೆ ಶುರುವಾಯಿತು, ಗ್ರಾಮಸಭೆ ಮಾತ್ರ ಆಮೇಲೆ ಒಂದೂ ಕೂಡಲಿಲ್ಲ.

ಹೊಳೆಗೆ ಓಣಿ ಗೊತ್ತಾಗುವುದಿಲ್ಲ ನೋಡಿ. ಸೆಪ್ಟೆಂಬರಿನಲ್ಲಿ ಭೀಮಾ ಏರಿ ಬಂದಾಗ ಎರಡೂ ಕಡೆ ನುಗ್ಗಿತು. ನಲವತ್ತೊಂದು ಮನೆ ಬಿದ್ದವು, ಇಪ್ಪತ್ತಾರು ಕೆಳಗಿನ ಓಣಿಯವು, ಹದಿನೈದು ಮೇಲಿನವು. ಮೇಲಿನ ಓಣಿಯ ಮಲ್ಕಮ್ಮ ನಿಮಗೆ ಗೊತ್ತು, ನಮ್ಮ ಮನೆಗೆ ಹಾಲು ಹಾಕುತ್ತಿದ್ದವಳು. ಅವಳ ಹಿಂದಿನ ಗೋಡೆ ಪೂರ್ತಿ ಹೋಗಿದೆ, ಎಮ್ಮೆಯ ಜೊತೆ ತಗಡಿನ ಕೆಳಗೆ ಇದ್ದಾಳೆ. ದಶರಥನ ಮನೆಯಲ್ಲಿ ನಿಂತಿರುವುದು ಬಾಗಿಲ ಚೌಕಟ್ಟು ಒಂದೇ. ನಾನು ಮನೆ ಮನೆಗೆ ಹೋಗಿ ಪರಿಹಾರಕ್ಕೆ ಹೆಸರುಗಳ ಯಾದಿ ಮಾಡಿದೆ. ಆ ಯಾದಿ ಗ್ರಾಮಸಭೆಯಲ್ಲಿ ಓದಿ ಪಾಸಾಗಬೇಕು, ಮಾರ್ಚ್ ಮುಗಿಯುವುದರೊಳಗೆ ಮೇಲೆ ಹೋಗಬೇಕು. ಇಲ್ಲದಿದ್ದರೆ ಆ ನಲವತ್ತೊಂದು ಮನೆಯವರು ಬರುವ ಮಳೆಗಾಲಕ್ಕೂ ತಗಡಿನ ಕೆಳಗೇ ಇರಬೇಕು. ನನಗೆ ಬೇಕಾಗಿರುವುದು ಇಷ್ಟೇ ಅಪ್ಪಾ, ಈ ಒಂದು ಯಾದಿ.

ಡಿಸೆಂಬರಿನಲ್ಲಿ ನಿಮ್ಮನ್ನು ಕೇಳಿದ್ದೆ, ಸಭೆ ಕರೆಯುವುದು ಹೇಗೆ ಎಂದು. ನೀವು ನಕ್ಕು ಹೇಳಿದ್ದು ಹೀಗೆ: "ಡಂಗುರ ಹೊಡೆಸಲಾಗಿದೆ ಅಂತ ಒಂದ್ ಸಾಲು ಬರದ್ ಬಿಡವಾ. ಯಾರ್ ನೋಡ್ತಾರ?" ನಾನೂ ಬರೆದೆ. ಸಭೆಯ ಠರಾವು ಪುಸ್ತಕದಲ್ಲಿ ನನ್ನ ಕೈಯಿಂದಲೇ, ರೂಢಿಯಂತೆ ಡಂಗುರ ಹೊಡೆಸಲಾಗಿದೆ. ಸಭೆಗೆ ಬಂದವರು ಒಂಬತ್ತು ಮಂದಿ. ಜಗದೇವ ಬರಲಿಲ್ಲ, ಅವನ ಅರ್ಜಿ ಬಂತು. ಡಂಗುರ ಹೊಡೆದಿಲ್ಲ, ಪಿಡಿಒ ಸುಳ್ಳು ಬರೆದಿದ್ದಾರೆ, ಸಭೆ ರದ್ದು ಮಾಡಿ ಎಂದು. ಅವನ ಉದ್ದೇಶ ಕೆಟ್ಟದ್ದೇ ಇರಲಿ, ಬರೆದದ್ದು ಖರೆ ಇತ್ತು. ನನಗೆ ಕಾರಣ ಕೇಳುವ ನೋಟಿಸು ಬಂತು. ನೀವು ಗಾಬರಿಯಾಗಿ ಜಿಡಗಾ ಮಠಕ್ಕೆ ಹೋಗಿ ನನ್ನ ಹೆಸರಿನಲ್ಲಿ ಕಾಯಿ ಒಡೆಸಿದಿರಂತೆ, ಅವ್ವ ಹೇಳಿದಳು. ನಾನು ಉತ್ತರ ಬರೆದೆ: ಹೌದು, ಹೊಡೆಸದೆ ಬರೆದೆ, ನನ್ನ ತಪ್ಪು, ಮತ್ತೆ ಸರಿಯಾಗಿ ಸಭೆ ಕರೆಯುತ್ತೇನೆ. ಅಂಥ ಉತ್ತರ ಸರ್ವಿಸಿನಲ್ಲೇ ನೋಡಿಲ್ಲ ಎಂದು ಸಾಹೇಬರು ತಲೆ ಕೆರೆದುಕೊಂಡರು.

ಆಮೇಲೆ ಸುರುವಾಯಿತು ನನ್ನ ತಿರುಗಾಟ. ಜಗದೇವನ ಕಟ್ಟೆಗೆ ಹೋದೆ. ಚಹಾ ಕೊಟ್ಟ, ಗೌರವ ಕೊಟ್ಟ, ನಿಮ್ಮನ್ನು ಹೊಗಳಿದ. ಆಮೇಲೆ, "ಹಲಗಿ ಸಪ್ಪಳ ಕೇಳಿದ್ರ ಬರ್ತೇವ್ರಿ, ಇಲ್ಲಂದ್ರ ಇಲ್ರಿ," ಎಂದ. ಆಟೋದಲ್ಲಿ ಮೈಕು ಕಟ್ಟಿಸುತ್ತೇನೆ ಎಂದೆ. ಮೈಕು ಡಂಗುರ ಅಲ್ಲ ಎಂದ. ದಶರಥನ ಹತ್ತಿರ ಹೋದೆ. ಅವನು ಚೌಕಟ್ಟಿನಲ್ಲಿ ನಿಂತೇ ಮಾತಾಡಿದ. "ನಮ್ಮಪ್ಪನ ಹಲಗಿ ಹೊಳ್ಯಾಗ ಬಿಟ್ಟೇವ್ರಿ ಮೇಡಂ. ಬೇಕಂದ್ರ ಮುಳುಗಿ ತಗೊಂಡ್ ಬರ್ರಿ." ಅವನ ಮೇಲೆ ನನಗೆ ಸಿಟ್ಟು ಬಂತು, ಒಪ್ಪಿಕೊಳ್ಳುತ್ತೇನೆ. ನಲವತ್ತೊಂದು ಮನೆಗಾಗಿ ಒಂದು ದಿನ ಬಡಿದರೆ ಏನು ಹೋಗುತ್ತದೆ ಎಂದು ಅಂದುಕೊಂಡೆ. ಅಂದುಕೊಂಡ ಗಳಿಗೆಯಲ್ಲೇ ನಾಚಿಕೆಯೂ ಆಯಿತು. ಒಂದು ದಿನ ಬಡಿದರೆ ಏನು ಹೋಗುತ್ತದೆ ಎಂಬ ಮಾತನ್ನು ನಾನು ಜಗದೇವನಿಗೆ ಹೇಳಿರಲಿಲ್ಲವಲ್ಲ. ಅವನಿಗೂ ಎರಡು ಕೈ ಇವೆ.

ಬಸ್ಸಿಗೆ ಕಾಯುತ್ತ ಮಲ್ಕಮ್ಮನ ತಗಡಿನ ಕೆಳಗೆ ಕುಳಿತು ನಿಯಮದ ಪುಸ್ತಕ ತೆಗೆದೆ. ಡಂಗುರ ಹೊಡೆಸಬೇಕು ಎಂದಿದೆ. ಯಾರು ಹೊಡೆಯಬೇಕು, ಯಾವುದರ ಮೇಲೆ ಹೊಡೆಯಬೇಕು ಎಂದು ಎಲ್ಲಿಯೂ ಇಲ್ಲ. ಜೋರಾಗಿ ಓದಿಬಿಟ್ಟಿರಬೇಕು, ರೊಟ್ಟಿ ಬಡಿಯಲು ಕುಳಿತಿದ್ದ ಮಲ್ಕಮ್ಮ ನಾದುತ್ತಿದ್ದ ಹಿಟ್ಟನ್ನು ತೆಗೆದು ಬದಿಗಿಟ್ಟಳು. ಹಿತ್ತಾಳೆಯ ಪರಾತವನ್ನು ಸೆರಗಿನಿಂದ ಒರೆಸಿ ನನ್ನ ತೊಡೆಯ ಮೇಲೆ ಇಟ್ಟು, "ಗ್ವಾಡಿ ಬಿದ್ದು ಐದ್ ತಿಂಗಳಾತು, ಇವ್ರು ಹಲಗಿ ಹಲಗಿ ಅಂತ ಕುಂತಾರ. ತಗೋ ಬೇ, ಇದನ್ನ ಬಡಿ," ಎಂದಳು. ಪರಾತದ ಅಂಚಿಗೆ ಜೋಳದ ಹಿಟ್ಟು ಇನ್ನೂ ಹತ್ತಿತ್ತು.

ಬಡಿದೆ ಅಪ್ಪಾ. ಜನವರಿ ಮೂವತ್ತು, ಮುಂಜಾನೆ ಎಂಟು ಗಂಟೆ. ಪರಾತ ಎಡಗೈಯಲ್ಲಿ, ಆಫೀಸಿನಲ್ಲಿ ಗೆರೆ ಎಳೆಯುವ ರೂಳಕಟ್ಟಿಗೆ ಬಲಗೈಯಲ್ಲಿ. ಮೊದಲ ಎರಡು ತಿರುವಿನ ತನಕ ಬರೇ ಬಡಿದೆ, ಸಾರಲಿಲ್ಲ. ಮೇಲಿನ ಓಣಿಯಲ್ಲಿ ಹೆಂಗಸರು ಬಾಗಿಲಿಗೆ ಬಂದು ನಿಂತರು. ನಮ್ಮವರ ಮಗಳು ಹೀಂಗ ಮಾಡಾಕತ್ತಾಳಲ್ಲ ಎಂದು ಒಬ್ಬ ಮುದುಕ ಮುಖ ತಿರುಗಿಸಿದ. ಮೂರನೆಯ ತಿರುವಿಗೆ ಬರುವಷ್ಟರಲ್ಲಿ ದನಿ ತಾನಾಗಿ ಬಂತು. ಮಂಗಳವಾರ ಹನ್ನೊಂದಕ್ಕೆ ಗ್ರಾಮಸಭೆ, ಬಿದ್ದ ಮನೆಗಳ ಯಾದಿ ಓದುತ್ತಾರೆ, ಎಲ್ಲರೂ ಬರ್ರಿ. ಪೀರಸಾಬ ಹಿಂದಿನಿಂದ ಬರುತ್ತಿದ್ದವನು ನನ್ನ ಕಿವಿಯ ಹತ್ತಿರ ಹೇಳಿದ, "ಜರಾ ಮೆಲ್ಲಕ ಬಡೀರಿ ಮೇಡಂ. ಮಲ್ಕಮ್ಮನ ಪರಾತ ಸೀಳಿದ್ರ ಊರಿನ ಜಗಳಕಿಂತ ದೊಡ್ಡದಾಗ್ತದ." ನಗು ಬಂತು. ನಗುತ್ತಲೇ ಕೆಳಗಿನ ಓಣಿ ಇಳಿದೆ. ದಶರಥ ಚೌಕಟ್ಟಿನಲ್ಲೇ ನಿಂತಿದ್ದ, ನಗಲಿಲ್ಲ. "ನೀವು ಒಂದಿನ ಬಡದ್ರಿ, ಮಂದಿ ಮೊಬೈಲ್‌ನಾಗ ಫೋಟೋ ತಗೊಂಡ್ರು. ನಮ್ಮಪ್ಪ ಜಲ್ಮ ಪೂರ್ತಿ ಬಡದ, ಯಾರೂ ಅವನ ಕೈ ನೋಡ್ಲಿಲ್ಲ." ಸಭೆಗೆ ಬರ್ತೀರಲ್ಲ ಎಂದು ಕೇಳಿದೆ. ನೋಡ್ತೇನ್ರಿ ಎಂದ.

ಬಂದ. ಎಲ್ಲರೂ ಬಂದರು. ಪಂಚಾಯತಿ ಮುಂದಿನ ಬೇವಿನ ಗಿಡದ ಎರಡೂ ಬದಿಗೆ ಬೇರೆ ಬೇರೆ ಕುಳಿತರು, ನಡುವೆ ಎತ್ತಿನ ಬಂಡಿ ಹೋಗುವಷ್ಟು ಜಾಗ ಬಿಟ್ಟು. ಇರಲಿ, ಒಂದೇ ನೆರಳಿನಲ್ಲಿ ಕುಳಿತರಲ್ಲ. ನಲವತ್ತೊಂದು ಹೆಸರು ಓದಿದೆ. ಎರಡು ಹೆಸರಿಗೆ ತಕರಾರು ಬಂತು, ಎರಡೂ ಸರಿಯಾದ ತಕರಾರು, ತಿದ್ದಿದೆ. ಒಟ್ಟು ನೂರಾ ಅರವತ್ತಮೂರು ಸಹಿ ಮತ್ತು ಹೆಬ್ಬೆಟ್ಟು. ಒಬ್ಬೊಬ್ಬರ ಹೆಬ್ಬೆಟ್ಟು ಒಂದೊಂದು ತರಹ ಅಪ್ಪಾ, ಒಂದು ಅಡ್ಡ, ಒಂದು ಒರೆಸಿಹೋದದ್ದು, ಒಂದರಲ್ಲಿ ಗಾಯದ ಗೆರೆ. ಎರಡು ವರ್ಷದ ಮೇಲೆ ಆ ಪುಸ್ತಕದಲ್ಲಿ ಖರೇ ಮಂದಿಯ ಗುರುತು ಬಿತ್ತು. ಅವತ್ತು ನಾನು ಊಟ ಮಾಡಿದ್ದು ಸಂಜೆ ನಾಲ್ಕಕ್ಕೆ, ಅದೂ ಮಲ್ಕಮ್ಮನ ಅದೇ ಪರಾತದಲ್ಲಿ ನಾದಿದ ಹಿಟ್ಟಿನ ರೊಟ್ಟಿ.

ಈಗ ಜಯಮಾಲಾ ಸ್ವಲ್ಪ ನಿಧಾನ ಓದಬೇಕು. ಎರಡು ದಿನಕ್ಕೆ ಜಗದೇವನ ಮತ್ತೊಂದು ಅರ್ಜಿ ಬಂತು. ಪರಾತ ಬಡಿದದ್ದು ಡಂಗುರ ಅಲ್ಲ, ಡಂಗುರ ಇಂಥ ಮನೆತನದ್ದು ಎಂದು ಪಂಚಾಯತಿಯ ಪುಸ್ತಕವೇ ಹೇಳುತ್ತದೆ ಎಂದು ಬರೆದು, ಹಳೆಯ ಠರಾವು ಪುಸ್ತಕದ ಹನ್ನೊಂದು ಪುಟಗಳ ಝೆರಾಕ್ಸ್ ಹಚ್ಚಿದ್ದಾನೆ. ಹನ್ನೊಂದರಲ್ಲೂ ಒಂದೇ ಸಾಲು. "ಊರ ರೂಢಿಯಂತೆ ಭೀಮಶಾನ ಮನೆತನದಿಂದ ಡಂಗುರ ಹೊಡೆಸಲಾಗಿದೆ." ಅದರ ಬದಿಗೆ ಭೀಮಶಾನ ಹೆಬ್ಬೆಟ್ಟು. ಕೆಳಗೆ ನಿಮ್ಮ ಸಹಿ. ಆ ದುಂಡು ಅಕ್ಷರವನ್ನು ನಾನು ಕತ್ತಲಲ್ಲೂ ಗುರುತು ಹಿಡಿಯುತ್ತೇನೆ, ಅದನ್ನು ನೋಡಿಯೇ ನಾನು ಬರೆಯಲು ಕಲಿತದ್ದು. ನಿಮ್ಮ ಆ ಒಂದು ಮಾತು, ಮನೆತನದಿಂದ ಎಂಬುದು, ಈಗ ಸತ್ತವನ ಮಗನ ಕೊರಳಿಗೆ ಬಿದ್ದಿದೆ. ಅದು ರೂಢಿ ಎಂದಾದರೆ ನನ್ನ ಸಭೆ ರದ್ದು, ಯಾದಿ ವಾಪಸು, ಮತ್ತು ದಶರಥ ಇನ್ನು ಮುಂದೆ ಒಲ್ಲೆ ಎನ್ನುವ ಹಾಗಿಲ್ಲ. ಸಾಹೇಬರು ಎರಡೂ ಕಡೆಯವರಿಗೆ ಹೆದರಿ, ಇಪ್ಪತ್ತನಾಲ್ಕಕ್ಕೆ ವಿಚಾರಣೆ ಇಟ್ಟಿದ್ದಾರೆ. ಪುಸ್ತಕ ಸುಳ್ಳು ಎನ್ನುವುದಕ್ಕೆ ಪುರಾವೆ ತರ್ರಿ ಎಂದಿದ್ದಾರೆ.

ನನಗೆ ಎಲ್ಲ ನೆನಪಿದೆ. ವರ್ಷಕ್ಕೊಮ್ಮೆ ತಪಾಸಣೆ ಬರುವ ಮುಂಚೆ ನೀವು ಪುಸ್ತಕ ಮನೆಗೆ ತರುತ್ತಿದ್ದಿರಿ. ಭೀಮಶಾ ನಮ್ಮ ಕಟ್ಟೆಯ ಕೆಳಗೆ ನೆಲದ ಮೇಲೆ ಕೂಡುತ್ತಿದ್ದ. ಯಾವ ಸಭೆಗೂ ನೀವು ಅವನನ್ನು ಬಿಸಿಲಲ್ಲಿ ತಿರುಗಿಸಲಿಲ್ಲ, ಬಡವನಿಗೆ ಯಾಕೆ ತ್ರಾಸ ಎನ್ನುತ್ತಿದ್ದಿರಿ. ಅದು ನಿಮ್ಮ ಕರುಣೆ, ನಾನು ಇಲ್ಲ ಎನ್ನುವುದಿಲ್ಲ. ಅವನು ಒಂದೇ ಸಲ ಕೂತು ಎಲ್ಲ ಪುಟಕ್ಕೂ ಹೆಬ್ಬೆಟ್ಟು ಒತ್ತಿ, ಬೆರಳನ್ನು ತನ್ನ ರುಮಾಲಿಗೆ ಒರೆಸಿಕೊಂಡು ಹೋಗುತ್ತಿದ್ದ. ಏನು ಬರೆದಿದೆ ಎಂದು ಅವನು ಕೇಳಲಿಲ್ಲ, ನೀವು ಓದಿ ಹೇಳಲಿಲ್ಲ. ಆ ಸಾಲನ್ನು ಯಾರಾದರೂ ಓದುವ ಹೊತ್ತಿಗೆ ಅವನು ಸತ್ತು, ಮಗ ಬಿ.ಎ. ಆಗಿದ್ದ.

ಇನ್ನು ಆ ವರ್ಗದ ಆರ್ಡರು. ನನಗೆ ನೋಟಿಸು ಬಂದಾಗಿನಿಂದ ನಿಮಗೆ ನಿದ್ದೆ ಇಲ್ಲ, ಜೇವರ್ಗಿಯ ನಿಮ್ಮ ಹಳೆಯ ದೋಸ್ತನಿಗೆ ಹೇಳಿ ನನ್ನನ್ನು ಆಳಂದದ ನಮ್ಮ ಮನೆಯ ಹತ್ತಿರ ಹಾಕಿಸಿದ್ದೀರಿ, ಅದೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸೊಲ್ಲಾಪುರದಲ್ಲಿ ಮಲಗಿಕೊಂಡೇ. ನಿಮ್ಮ ಜೀವ ನನ್ನ ಮೇಲೆ ಎಷ್ಟಿದೆ ಎಂದು ಗೊತ್ತು, ಅದಕ್ಕೆ ಕಣ್ಣು ತುಂಬಿ ಬಂತು. ಆದರೆ ಆರ್ಡರಿನಲ್ಲಿ ಸ್ವಂತ ಕೋರಿಕೆಯ ಮೇರೆಗೆ ಎಂದು ಬರೆದಿದೆ. ನಾನು ಯಾವಾಗ ಕೋರಿದೆ ಅಪ್ಪಾ? ಇಪ್ಪತ್ತಕ್ಕೆ ನಾನು ಬಿಟ್ಟು ಹೋಗಬೇಕಂತೆ, ವಿಚಾರಣೆ ಇಪ್ಪತ್ತನಾಲ್ಕಕ್ಕೆ. ಉತ್ತರ ಕೊಡುವವರೇ ಇಲ್ಲದ ಮೇಲೆ ಯಾದಿ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕೆ? ಆರನೆಯ ಪಿಡಿಒ ಬರುತ್ತಾರೆ, ಅವರಿಗೂ ಯಾರೋ ಫೈಲಿಗೆ ಕೈ ಹಚ್ಚಬೇಡಿ ಎನ್ನುತ್ತಾರೆ. ಕಾಯಕದಲ್ಲಿ ಮೇಲು ಕೀಳು ಇಲ್ಲ ಎಂದು ನನಗೆ ಲಿಂಗ ಕಟ್ಟಿಸಿದ ದಿನ ಹೇಳಿದವರು ನೀವೇ. ನಾನು ಅದನ್ನು ನಂಬಿಬಿಟ್ಟಿದ್ದೇನೆ, ಈಗ ಏನು ಮಾಡಲಿ.

ಅವ್ವನಿಗೆ ಶರಣು ಹೇಳಿ, ಬಿಪಿ ಗುಳಿಗೆ ತಪ್ಪಿಸಬೇಡ ಎಂದೂ ಹೇಳಿ. ಹೀರಾಬಾಯಿ ಅತ್ತೆ ಶೇಂಗಾ ಚಟ್ನಿ ಕಳಿಸುತ್ತೇನೆ ಎಂದವರು ಮರೆತಿದ್ದಾರೆ, ನೆನಪು ಮಾಡಿ. ಜಯಮಾಲಾಗೆ ಇಷ್ಟುದ್ದ ಓದಿದ್ದಕ್ಕೆ ನನ್ನ ಕಡೆಯಿಂದ ಒಂದು ಸೀರೆ ಖಚಿತ. ಕಣ್ಣಿಗೆ ಔಷಧಿ ದಿನಕ್ಕೆ ನಾಲ್ಕು ಸಲ, ಮೂರು ಸಲ ಅಲ್ಲ. ನಿಮ್ಮ ಕಾಲಿಗೆ ಹಣೆ ಹಚ್ಚಿ,

ನಿಮ್ಮ ಮಗಳು
ಭಾಗ್ಯಜ್ಯೋತಿ

ತಾ.ಕ.: ಪಾಕೀಟು ಅಂಟಿಸುವ ಮುಂಚೆ ಮುಖ್ಯ ಮಾತು ಬರೆದುಬಿಡುತ್ತೇನೆ, ಪೋಸ್ಟಿನವರು ಬಾಗಿಲು ಹಾಕುತ್ತಾರೆ. ನಾನು ಕೋರಿಕೆ ಸಲ್ಲಿಸಿಲ್ಲ, ಈ ವರ್ಗಾವಣೆ ನನಗೆ ಬೇಡ ಎಂದು ಇವತ್ತು ಮಧ್ಯಾಹ್ನ ಸಾಹೇಬರಿಗೆ ಬರೆದು ಕೊಟ್ಟು ಬಂದಿದ್ದೇನೆ. ಜೇವರ್ಗಿಯವರು ಸಿಟ್ಟಾದರೆ ನನ್ನ ಹೆಸರು ಹೇಳಿ. ಇನ್ನೊಂದು. ಇಪ್ಪತ್ತೊಂದಕ್ಕೆ ನಿಮಗೆ ಓದಲು ಅಡ್ಡಿ ಇಲ್ಲ. ಇಪ್ಪತ್ತನಾಲ್ಕು ಮಂಗಳವಾರ, ಸೊಲ್ಲಾಪುರದಿಂದ ಬೆಳಗಿನ ಬಸ್ಸಿಗೆ ಹೊರಟರೆ ಹನ್ನೊಂದರೊಳಗೆ ಇಲ್ಲಿಗೆ, ವಿಚಾರಣೆಗೆ ಬರುತ್ತೀರಿ. ಹೊಸ ಕಣ್ಣಿನಿಂದ ಮೊದಲು ಆ ಹನ್ನೊಂದು ಸಾಲು ಓದಿ. ಆಮೇಲೆ ದಶರಥನ ಎದುರಿಗೆ ಹೇಳಿ, ಡಂಗುರ ಹೊಡೆಸಿರಲಿಲ್ಲ, ಮನೆತನ ಎಂದು ಬರೆದವನು ನಾನು ಎಂದು. ಅದನ್ನು ಹೇಳಬಲ್ಲವರಲ್ಲಿ ಈಗ ಬದುಕಿರುವುದು ಇಬ್ಬರೇ. ನೀವು ಬರದಿದ್ದರೂ ನಾನು ಹೇಳುವವಳೇ, ಯಾಕೆಂದರೆ ಆಗೆಲ್ಲ ಕಟ್ಟೆಯ ಮೇಲೆ ಕುಳಿತು ಭೀಮಶಾನ ಬೆರಳಿಗೆ ಮಸಿ ಪ್ಯಾಡು ಹಿಡಿದವಳು ನಾನು. ಆದರೆ ನಿಮ್ಮ ಬಾಯಿಂದ ಕೇಳಬೇಕು ಎಂದು ನನಗೆ ಆಸೆ. ಬರ್ರಿ ಅಪ್ಪಾ.